ಟೇಪಿನೊಳಗಿನ ಮೇಷ್ಟ್ರು

ಇಂಗ್ಲಿಷ್ ಪದ್ಯ ಕೇಳಿಸಲೆಂದು ಶಾಲೆಗಳಿಗೆ ಕೊಟ್ಟ ಟೇಪ್‌ರೆಕಾರ್ಡರನ್ನು ಅದಕ್ಕೇ ಬಳಸುತ್ತಿದ್ದಾರೋ ಇಲ್ಲವೋ ಎಂದು ನೋಡುವುದು ಆಗ ನನ್ನ ಕೆಲಸ. ಹಿನ್ನೀರಿನಾಚೆ ತುಮರಿ ಕಡೆಯ ಒಂದು ಶಾಲೆಗೆ ಮಕ್ಕಳ ಜೊತೆಗೇ ಲಾಂಚಿನಲ್ಲಿ ಹೋದೆ. ಕ್ಲಾಸಿನ ಹೊಸ್ತಿಲು ದಾಟುವಷ್ಟರಲ್ಲಿ ಒಳಗಿಂದ ಗಡಸು ದನಿ ಬಂತು: "ಲಾಂಚಿನವ್ರು ಬಂದ್ರಾ? ಸದ್ದು ಮಾಡ್ದೆ ಹಿಂದೆ ಕೂತ್ಕೊಳ್ಳಿ. ಹದಿನೇಳರ ಮಗ್ಗಿ ಹೇಳಿ."

ಮಕ್ಕಳು ನೆಲದ ಮೇಲೆ ಕೂತರು. ನಾನೂ ಕೂತೆ. ಅರ್ಧ ಮಗ್ಗಿ ಒಪ್ಪಿಸಿದ ಮೇಲೆ ಕತ್ತು ಚಾಚಿ ನೋಡಿದರೆ, ಮೇಜಿನ ಮೇಲೆ ಟೇಪ್‌ರೆಕಾರ್ಡರ್ ಮಾತ್ರ ಇತ್ತು.

ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಒಂದನೇ ಕ್ಲಾಸಿಗೆ ಅಕ್ಷರ ತಿದ್ದಿಸುತ್ತಿದ್ದರು.

"ಆ ಟೇಪ್‌ರೆಕಾರ್ಡರ್ ಪದ್ಯಕ್ಕೆ ಕೊಟ್ಟಿದ್ದಲ್ವೇನ್ರಿ?" ಎಂದೆ.

"ಪದ್ಯ ಬಾಯಿಪಾಠ ಆಗಿ ವರ್ಷ ಆಯ್ತು ಸಾರ್. ನಾನೊಬ್ಬ, ಕ್ಲಾಸು ನಾಲ್ಕು. ಲಾಂಚು ದಿನಾ ಕಾಲು ಗಂಟೆ ತಡ, ಅದಕ್ಕೆ ಸರಿಯಾಗಿ ಗದರೋದನ್ನೂ ತುಂಬಿಟ್ಟಿದೀನಿ." ಆಮೇಲೆ ನನ್ನ ಪ್ಯಾಂಟಿನ ಧೂಳು ನೋಡಿ ಮೆಲ್ಲಗೆ ಕೇಳಿದರು, "ತಾವೂ ಕೂತ್ರಾ ಸಾರ್?"

ದುರ್ಬಳಕೆ ಎಂದು ಬರೆದರೆ ಅದು ಹೇಗೆ ಗೊತ್ತಾಯಿತು ಅಂತಲೂ ಬರೆಯಬೇಕಾಗುತ್ತಿತ್ತು. "ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ, ಖುದ್ದು ಪರೀಕ್ಷಿಸಿದ್ದೇನೆ" ಎಂದು ಬರೆದು ಸಹಿ ಹಾಕಿದೆ.