ಹೊರಗೆ ಕೂತವಳನ್ನು ಶಾಲೆಗೆ ಕರೆದವರು

ಬೋರ್ಡಿನ ಮೇಲೆ ಗರ್ಭಾಶಯದ ಚಿತ್ರ ಬರೆದು ಮುಗಿಸುವಷ್ಟರಲ್ಲಿ ಅಕ್ಕೋರ ಬಲಗೈ ಮಣಿಕಟ್ಟಿನವರೆಗೂ ಕೆಂಪು ಸೀಮೆಸುಣ್ಣವಾಗಿರುತ್ತಿತ್ತು. ಅದೇ ಕೈಯಿಂದ ಕನ್ನಡಕ ಸರಿಮಾಡಿಕೊಂಡು, ಮೂಗಿನ ಮೇಲೊಂದು ಕೆಂಪು ಗೆರೆ ಎಳೆದುಕೊಂಡು, ನಮ್ಮತ್ತ ತಿರುಗುತ್ತಿದ್ದರು. ಎಂಟನೆಯ ತರಗತಿಯ ಹುಡುಗಿಯರೆಲ್ಲ ತಲೆ ತಗ್ಗಿಸಿ ಕೂತಿರುತ್ತಿದ್ದೆವು. "ನೆಲಕ್ಕೇನೂ ಮುಟ್ಟು ಬರುವುದಿಲ್ಲ, ಮೇಲೆ ನೋಡಿ" ಎಂದು ಒಮ್ಮೆ ಮರಾಠಿಯಲ್ಲಿ ಗದರಿದಾಗ ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕೆವು.

ಕಾತ್ರಜದ ಆ ಮರಾಠಿ ಶಾಲೆಯಲ್ಲಿ ಉಳಿದವರಿಗೆಲ್ಲ ಅವರು ವಿಜ್ಞಾನದ 'ಬಾಯಿ', ಮರಾಠಿಯಲ್ಲಿ ಟೀಚರಮ್ಮ. ಅವರೂ ನಮ್ಮ ಹಾಗೆ ಧಾರವಾಡದ ಕಡೆಯವರಾದ್ದರಿಂದ ನನಗೊಬ್ಬಳಿಗೆ ಅಕ್ಕೋರು.

ತಿಂಗಳಿಗೆ ಮೂರು ದಿನ ನಾನು ಶಾಲೆಗೆ ಹೋಗುತ್ತಿರಲಿಲ್ಲ. ನಮ್ಮದು ಎರಡು ಕೋಣೆಯ ಮನೆ. ಮುಟ್ಟಾದಾಗ ಅಜ್ಜಿ ನನ್ನನ್ನು ಗ್ಯಾಲರಿಯಲ್ಲಿ, ಅಂದರೆ ರಸ್ತೆ ಕಡೆಯ ಬಾಲ್ಕನಿಯಲ್ಲಿ, ಕೂರಿಸುತ್ತಿದ್ದಳು. ಒಂದು ಚಾಪೆ, ಬೇರೆ ತಾಟು, ಎದುರಿಗೆ ಕಬ್ಬಿಣದ ಸರಳು. ನೀರು ಬೇಕಾದರೂ ಅವ್ವನನ್ನು ಕೂಗಬೇಕು. ಕೆಳಗಿನ ರಸ್ತೆಯಲ್ಲಿ ಊರ ಕಡೆಯ ಬಸ್ಸುಗಳು ಹೋಗುವುದನ್ನು ಎಣಿಸುತ್ತಿದ್ದೆ. ಹಳೆಯ ಸೀರೆಯ ಬಟ್ಟೆಯನ್ನು ಯಾರಿಗೂ ಕಾಣದಂತೆ ಚಾಪೆಯಡಿ ಒಣಗಿಸುತ್ತಿದ್ದೆ. ತೊಡೆಸಂದಿಯಲ್ಲಿ ಹುಣ್ಣಾಗಿ ಕೂರಲೂ ಆಗುತ್ತಿರಲಿಲ್ಲ. ಯಾರಿಗೆ ಹೇಳುವುದು?

ಶಾಲೆಯಲ್ಲಿ ಜ್ವರ ಎನ್ನುತ್ತಿದ್ದೆ. ಪ್ರತಿ ಸಲವೂ ಮೂರೇ ದಿನದ ಜ್ವರ. ನಾಲ್ಕನೆಯ ತಿಂಗಳು ಅಕ್ಕೋರು ಮನೆಗೇ ಬಂದರು.

"ಹುಡುಗಿ ಹೊರಗ ಕೂತಾಳ್ರಿ" ಎಂದಳು ಅಜ್ಜಿ.

"ಗೊತ್ತದರಿ. ಅದಕ್ಕ ಬಂದೀನಿ."

ನೇರ ಗ್ಯಾಲರಿಗೆ ಬಂದು ನನ್ನ ಚಾಪೆಯ ಮೇಲೇ ಕೂತರು.

"ಅಯ್ಯ, ಮುಟ್ಟಬ್ಯಾಡ್ರಿ! ಮೈಲಿಗಿ ಆಗ್ತದ!"

"ಮನೀಗೆ ಹೋಗಿ ಸ್ನಾನ ಮಾಡ್ತೀನ್ರಿ, ಅಜ್ಜಿ."

ನಾನು ಕೂತ ರೀತಿಯಲ್ಲೇ ಅವರಿಗೆ ಎಲ್ಲ ಗೊತ್ತಾಯಿತು. ಮೆಲ್ಲಗೆ ಕೇಳಿದರು, ನಾನು ಅತ್ತುಬಿಟ್ಟೆ. ಬಟ್ಟೆಯನ್ನು ಚಾಪೆಯಡಿಯಿಂದ ತಾವೇ ಎಳೆದು ತೆಗೆದರು. "ಇದನ್ನ ಬಿಸಿಲಿಗೆ ಹಾಕಬೇಕವ್ವ. ಹಸೀದು ಕಟ್ಟಿಕೊಂಡ್ರ ಹುಣ್ಣು ಆಗದ ಏನಾಗ್ತದ?" ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ, "ನಾಳೆ ಡಾಕ್ಟರ್ ಹತ್ರ ಕರಕೊಂಡು ಹೋಗ್ರಿ" ಎಂದರು. ಅವ್ವ ತಲೆಯಾಡಿಸಿದಳು.

"ನಿಮ್ಮ ಮನ್ಯಾಗ ಹಿಂಗ ಇಲ್ಲೇನ್ರಿ, ಅಕ್ಕೋರ?" ಎಂದು ಕೇಳಿಬಿಟ್ಟೆ.

"ನಾನೂ ಕೂಡ್ತೀನಿ. ಅತ್ತಿ ಮುಂದ ನನ್ನ ಮಾತು ನಡಿಯಂಗಿಲ್ಲ. ಆದ್ರ ಸಾಲಿ ತಪ್ಪಿಸಂಗಿಲ್ಲ. ನೀನೂ ತಪ್ಪಿಸಬ್ಯಾಡ."

ಎದ್ದು ಹೋಗಿ ಅಜ್ಜಿಯ ಮುಂದೆ ಕೈಮುಗಿದು ನಿಂತರು. "ಮನ್ಯಾಗ ಎಲ್ಲಿ ಬೇಕಾದ್ರೂ ಕೂಡಸ್ರಿ. ಸಾಲಿ ಹೊತ್ತಿನಾಗ ಮಾತ್ರ ನನ್ನ ಹತ್ರ ಕಳಸ್ರಿ."

"ಅಲ್ಲಿ ದೇವರ ಪಟ ಅದ ಏನು?"

"ಇಲ್ರಿ. ಬರೇ ಬೋರ್ಡ್ ಅದ."

ನಮ್ಮ ತರಗತಿಯ ಗೋಡೆಗೆ ದಿನಾ ಹೂವೇರಿಸುವ ಸರಸ್ವತಿಯ ಪಟವಿತ್ತು. ಅವರು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುತಿಂಗಳಿನಿಂದ ಶಾಲೆ ತಪ್ಪಲಿಲ್ಲ. ಸಂಜೆ ಬಂದು ಮತ್ತೆ ಗ್ಯಾಲರಿಯಲ್ಲೇ ಕೂರುತ್ತಿದ್ದೆ. ಅಲ್ಲೇ ಓದಿ ಹತ್ತನೆಯದು ಪಾಸಾದೆ, ನರ್ಸಿಂಗ್ ಸೇರಿದೆ. ಈಗ ತಳೇಗಾಂವದಲ್ಲಿ ನನ್ನ ಅತ್ತೆಯ ಮನೆ. ಅಲ್ಲೂ ಆ ಮೂರು ದಿನ ನನಗೆ ಅಡುಗೆಮನೆ ಇಲ್ಲ. ಡ್ಯೂಟಿ ಮಾತ್ರ ಬಿಟ್ಟಿಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರೆಂದು ತಿಳಿದು ಅವರ ಮನೆಗೆ ಓಡಿದೆ. ಹಿರಿಯ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು, ಹೊರಗಾದವರು ಯಾರಾದರೂ ಇದ್ದರೆ ಒಳಗೆ ಬರಬೇಡಿ ಎನ್ನುತ್ತಿದ್ದರು. ಅಂದು ನನಗೆ ಎರಡನೆಯ ದಿನ. ತುಟಿ ಬಿಗಿದು ಒಳಗೆ ಹೋದೆ, ಅಕ್ಕೋರ ಪಾದಗಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಹೇಳಿಯೇ ಒಳಗೆ ಹೋಗುವ ಧೈರ್ಯ ನನಗೆ ಇನ್ನೂ ಬಂದಿಲ್ಲ.