ಕೆಂಪು ಚುಕ್ಕಿಯ ತಟ್ಟೆ

ನನ್ನ ಎಡಗೈ ಮೇಲೆ ತುಳಸಿಕಟ್ಟೆಯ ಹಚ್ಚೆ ಇದೆ. ಸಿರುಗುಪ್ಪದ ತವರಿನಲ್ಲಿ, ನಾನು ಹತ್ತು ವರ್ಷದವಳಿದ್ದಾಗ, ಅಜ್ಜಿ ಹಿಡಿದು ಕೂರಿಸಿ ಹಾಕಿಸಿದ್ದು. ಹೋದ ಬೇಸಿಗೆಯಲ್ಲಿ ಅದರ ಹಸಿರು ಗೆರೆಗಳು ಉಬ್ಬಿದವು. ಮೊದಲು ಕಟ್ಟೆ, ವಾರದ ಮೇಲೆ ಎಲೆಗಳು. ಗೆರೆಗಳ ನಡುವಿನ ಚರ್ಮ ಮಾತ್ರ ಇದ್ದಂತೆಯೇ ಇತ್ತು. ರೊಟ್ಟಿ ಬಡಿಯುವಾಗ ದಿನಾ ನೋಡುತ್ತಿದ್ದೆ.

ಕುರುಗೋಡಿನ ನಮ್ಮ ಮನೆಯಲ್ಲಿ ಅತ್ತೆಯೂ ನೋಡುತ್ತಿದ್ದರು.

“ಕುಷ್ಠ ಅದು. ಇನ್ನ ಮ್ಯಾಲೆ ಹಿಟ್ಟು ಮುಟ್ಟಬ್ಯಾಡ.”

“ಸೊಳ್ಳಿ ಕಚ್ಚಿದ್ರ ಗೊತ್ತಾಗ್ತೈತಿ ಅತ್ತಿ. ಕುಷ್ಠ ಇದ್ರ ಗೊತ್ತಾಗಂಗಿಲ್ಲಂತ.”

“ದೊಡ್ಡ ಡಾಕ್ಟರವ್ವ ನೀ!”

ಮನೆಯ ಆರೂ ತಟ್ಟೆಗಳು ಒಂದೇ ನಮೂನೆ. ನನ್ನದು ಉಳಿದವುಗಳಲ್ಲಿ ಬೆರೆಯಬಾರದೆಂದು ಅತ್ತೆ ಅದರ ತಳಕ್ಕೆ ಕೆಂಪು ಉಗುರುಬಣ್ಣದ ಚುಕ್ಕಿ ಇಟ್ಟು, ಹಿತ್ತಲ ಒಗೆಯುವ ಕಲ್ಲಿನ ಮೇಲೆ ಇರಿಸಿದರು. ನಾದಿನಿ ರೊಟ್ಟಿಯನ್ನು ಮೇಲಿನಿಂದ ಬಿಡುತ್ತಿದ್ದಳು. ಗಂಡ ತಲೆ ಎತ್ತುತ್ತಿರಲಿಲ್ಲ.

ಊರಿನ ವೈದ್ಯರು ಅಲರ್ಜಿ ಎಂದು ಮುಲಾಮು ಕೊಟ್ಟರು. ಉಬ್ಬು ಇಳಿಯಲಿಲ್ಲ. ಶ್ರಾವಣದ ಹೊತ್ತಿಗೆ ಕಣ್ಣು ಕೆಂಪಾಗಿ ಬೆಳಕು ಚುಚ್ಚತೊಡಗಿತು. “ಕಣ್ಣಿಗೂ ಹತ್ತಿತು,” ಎಂದರು ಅತ್ತೆ, ಗೆದ್ದವರ ದನಿಯಲ್ಲಿ.

ಬಳ್ಳಾರಿಗೆ ಒಬ್ಬಳೇ ಬಸ್ಸು ಹತ್ತಿದೆ. ಚರ್ಮದ ವೈದ್ಯೆ ಕೈ ನೋಡಿ, ಮುಖ ನೋಡಿ, “ಕಣ್ಣು ಯಾವಾಗಿಂದ ಹಿಂಗ ಐತ್ರಿ?” ಎಂದರು. ನಾನು ಕಣ್ಣಿನ ಮಾತೇ ಎತ್ತಿರಲಿಲ್ಲ. ಉಬ್ಬಿದ ಎಲೆಯೊಂದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಕ್ತ, ಎದೆಯ ಎಕ್ಸ್‌ರೇ, ಕಣ್ಣು ಎಲ್ಲ ನೋಡಿಸಿದರು. ಚೂರಿನಲ್ಲಿ ಕುಷ್ಠದ ರೋಗಾಣು ಇಲ್ಲ, ಟಿಬಿಯದೂ ಇಲ್ಲ. ಸಣ್ಣ ಸಣ್ಣ ಗಂಟುಗಳಿದ್ದವು. ಕಣ್ಣೊಳಗೂ ಉರಿಯೂತ.

“ಸಾರ್ಕಾಯ್ಡೋಸಿಸ್ ಅಂತಾರ. ಬಾಳ ಮಂದಿಗೆ ಶ್ವಾಸಕೋಶದಾಗ ಬರತೈತಿ. ನಿಮ್ಮದು ಸ್ವಚ್ಛ ಐತಿ. ಹಳೇ ಗಾಯ, ಹಳೇ ಹಚ್ಚಿಯೊಳಗೂ ಒಮ್ಮೊಮ್ಮೆ ಏಳತೈತಿ. ಅಂಟೋದಲ್ಲರಿ.”

“ಅಂಟೋದಲ್ಲ ಅಂತ ಕನ್ನಡದಾಗ ಬರದು ಕೊಡ್ರಿ.”

ಆ ಚೀಟಿಯನ್ನು ಮನೆಯಲ್ಲಿ ನಾದಿನಿ ಗಟ್ಟಿಯಾಗಿ ಓದಿದಳು.

“ಬರದಾಕಿ ಬಂದು ನಮ್ಮನ್ಯಾಗ ಉಣ್ತಾಳೇನು?” ಎಂದರು ಅತ್ತೆ. ತಟ್ಟೆ ಕಲ್ಲಿನ ಮೇಲೆಯೇ ಉಳಿಯಿತು.

ಮರುದಿನ ಅವರು ಗುಡಿಗೆ ಹೋದಾಗ ಅದೇ ಉಗುರುಬಣ್ಣದ ಸೀಸೆ ಹುಡುಕಿ, ಉಳಿದ ಐದೂ ತಟ್ಟೆಗಳ ತಳಕ್ಕೆ ಒಂದೊಂದು ಚುಕ್ಕಿ ಇಟ್ಟೆ. ಒಣಗಿದ ಮೇಲೆ ನನ್ನದನ್ನೂ ತಂದು ಸೇರಿಸಿ, ಆರನ್ನೂ ಕಲೆಸಿ ಒಳಗೆ ಜೋಡಿಸಿದೆ.

ಮಧ್ಯಾಹ್ನ ಅತ್ತೆ ಒಂದೊಂದಾಗಿ ತಿರುವಿ ನೋಡಿದರು.

“ಇದರಾಗ ನಿಂದು ಯಾವುದಲೇ?”

“ಎಲ್ಲಾವೂರಿ.”

ಅಂದಿನಿಂದ ಅವರು ಒಣ ಎಲೆಯ ಪತ್ರೋಳಿಯಲ್ಲಿ ಉಣ್ಣುತ್ತಾರೆ. ನಾನು ಎಲ್ಲರ ಸಾಲಿನಲ್ಲಿ ಕೂರುತ್ತೇನೆ. ತೊಳೆಯಲು ತಟ್ಟೆ ಒಂದು ಕಡಿಮೆ.