ಇಲ್ಲ ಎನ್ನುವುದರ ಪಂಡಿತೆ

ಮನೆಯಲ್ಲಿ ಅವಳನ್ನು ಪಂಡಿತೆ ಎಂದೇ ಕರೆಯುತ್ತಿದ್ದರು, ಗೌರವದಿಂದಲ್ಲ. ಭಾಷಾವಿಜ್ಞಾನ ಓದುತ್ತಾಳೆ ಎಂದು ಕೇಳಿದ ನೆಂಟರು ಎಷ್ಟು ಭಾಷೆ ಬರುತ್ತದೆ ಎಂದು ವಿಚಾರಿಸುವರು. ಬರುವುದೊಂದೇ ಎಂದು ತಿಳಿದರೆ ಮುಖ ಸಪ್ಪಗೆ ಮಾಡಿಕೊಳ್ಳುವರು. ಸಂಶೋಧನೆಯ ವಿಷಯ ಹೇಳಿದರಂತೂ ನಗು ತಡೆಯಲು ಕರ್ಚೀಫು ಹುಡುಕಬೇಕಿತ್ತು. ಜನ ಬಾಯಿಬಿಟ್ಟು ಇಲ್ಲ ಎನ್ನದೆಯೇ ಇಲ್ಲ ಎನ್ನುವುದು ಹೇಗೆ, ಇದೇ ಆ ವಿಷಯ. ಹುಟ್ಟಿದವರಿಗೆಲ್ಲ ಬರುವ ಈ ವಿದ್ಯೆಗೆ ಡಾಕ್ಟರೇಟು ಬೇರೆ.

ಹೋದಲ್ಲೆಲ್ಲ ಅವಳು ಒಪ್ಪಿಗೆ ಕೇಳಿ ಮೊಬೈಲನ್ನು ಮೇಜಿನ ಮೇಲಿಟ್ಟು ಮಾತು ರೆಕಾರ್ಡ್ ಮಾಡುತ್ತಿದ್ದಳು. ರಜೆ ಕೊಡದ ಅಧಿಕಾರಿ, ಮನೆ ಬಾಡಿಗೆಗೆ ಕೊಡದ ಮಾಲೀಕ, ಯಾರನ್ನೂ ಬಿಟ್ಟವಳಲ್ಲ. ಮದುವೆ ಗೊತ್ತಾದ ಮೇಲೆ ಕೇಳಬೇಕೇ, ಅವಳಿಗೆ ಸುಗ್ಗಿ. ಹೂವಿನ ಅಲಂಕಾರದವನಾಗಲಿ ಫೋಟೋದವನಾಗಲಿ ಆಗುವುದಿಲ್ಲ ಎಂಬ ಮಾತನ್ನು ನೇರವಾಗಿ ಆಡಿದವರೇ ಅಲ್ಲ. ಬಟ್ಟೆ ಅಂಗಡಿಯಲ್ಲಿ ಅಮ್ಮ ಬಣ್ಣ ನೋಡು ಎಂದು ಮೊಣಕೈಯಿಂದ ತಿವಿದರೆ, ಪಂಡಿತೆ ಅಂಗಡಿಯವನು ಮಾತಿನ ನಡುವೆ ಎಲ್ಲಿ ಉಸಿರೆಳೆದುಕೊಂಡ ಎಂದು ನೋಡುತ್ತಿದ್ದಳು. ಹೀಗೆ ತನ್ನ ಮದುವೆಗೇ ನೆರೆಮನೆಯವಳಂತೆ ಓಡಾಡಿದಳು.

ವರ ಬ್ಯಾಂಕಿನವನು. ದನಿ ಏರಿಸಿದವನಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಒಂದು ಭಾನುವಾರ ಅವನ ಮನೆಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಸೋಫಾದಲ್ಲಿ ಕೂತು, ಪಂಡಿತೆ ತನ್ನ ಓದು ಒಂದು ವರ್ಷ ಬಾಕಿಯಿದೆ, ಮದುವೆಯಾದ ಮೇಲೆ ಬೇರೆ ಊರಿಗೆ ಹೋಗಿ ಮಾತು ಸಂಗ್ರಹಿಸಿ ಮುಗಿಸಬೇಕು ಎಂದಳು. ಇಷ್ಟು ವರ್ಷ ಓದಿ ಓದಿ ಕಣ್ಣು ಕೆಂಪಗೆ ಮಾಡಿಕೊಂಡದ್ದೆಲ್ಲ ಆ ಒಂದು ವರ್ಷದ ಮೇಲೆ ನಿಂತಿತ್ತು. ವರ ತಾಯಿಯ ಮುಖ ನೋಡಿದ. ತಾಯಿ ಕಾಫಿ ಲೋಟವನ್ನು ಇವಳ ಕಡೆ ಸರಿಸಿದರು.

"ಅಯ್ಯೋ, ಅದಕ್ಕೇನಂತೆ. ಮೊದ್ಲು ಮದುವೆ ಆಗ್ಲಿ, ಆಮೇಲೆ ನೋಡೋಣ" ಎಂದ ಅವನು.

ಇದು ಬಾಗಿಲಿಗೆ ಬರುವ ತರಕಾರಿಯವನಿಗೂ ಅರ್ಥವಾಗುತ್ತಿತ್ತು. ಪಂಡಿತೆಗೆ ಮಾತ್ರ ರೋಮಾಂಚನ. ಆ ನೋಟ, ಸರಿದ ಲೋಟ, ಆ ಅಯ್ಯೋ, ಕೊನೆಗೆ ಮುಂದೂಡಿಕೆ, ಎಲ್ಲ ಒಂದೇ ಉಸಿರಿನಲ್ಲಿ! ಇಂಥ ಅಪ್ಪಟ ನಿರಾಕರಣೆ ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ. ಮನೆಗೆ ಬಂದವಳೇ ಅದನ್ನು ಹೆಸರಿಲ್ಲದೆ ಮೂರನೇ ಅಧ್ಯಾಯಕ್ಕೆ ಸೇರಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಓದು ಮುಗಿಸಲು ಅವರು ಒಪ್ಪಿದ್ದಾರೆ ಎಂದು ಅಮ್ಮನಿಗೆ ಹೇಳಿದಳು. ಓದಿದ ತಲೆಯಲ್ಲಿ ಎಷ್ಟು ಕಪಾಟುಗಳಿರುತ್ತವೋ, ಒಂದರದ್ದು ಇನ್ನೊಂದಕ್ಕೆ ಗೊತ್ತಿರುವುದಿಲ್ಲ.

ಅಧ್ಯಾಯ ಓದಿದ ಗೈಡ್ ಮೇಡಂ ಕಿರ್ರೆನ್ನುವ ಫ್ಯಾನಿನ ಕೆಳಗೆ ಕೂತು ಆ ಉದಾಹರಣೆಯ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದರು. ಅವರು ಮೆಚ್ಚುವುದೇ ಅಪರೂಪ, ಇವಳು ಹಿಗ್ಗಿದಳು.

"ಆ ಹುಡುಗಿ ಆಮೇಲೆ ಏನ್ಮಾಡಿದ್ಲು?" ಎಂದರು ಮೇಡಂ.

"ಯಾವ ಹುಡುಗಿ?"

"ಓದು ಬೇಡ ಅಂತ ಇವನು ಹೇಳಿದ್ನಲ್ಲ, ಆ ಹುಡುಗಿ."

ಪಂಡಿತೆ ಆ ಪೆನ್ಸಿಲ್ ಗೆರೆಯನ್ನು ನೋಡಿದಳು. "ಅವ್ನು ಒಪ್ಪಿದ್ದಾನೆ ಅಂದ್ಕೊಂಡ್ಲು, ಮೇಡಂ."

"ಪಾಪ, ದಡ್ಡಿ" ಎಂದು ಮೇಡಂ ಪುಟ ತಿರುಗಿಸಿದರು.

ಅವಳು ಮೆಟ್ಟಿಲಿಳಿಯುವಾಗ ಕಿವಿ ಸುಡುತ್ತಿತ್ತು. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಸಿಟ್ಟು ಅವನ ಮೇಲಲ್ಲ. ಅವನು ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಕೇಳಿಸಿಕೊಳ್ಳಬೇಕಾದವಳು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು.

ಮದುವೆ ಹಾಲ್ ಗೊತ್ತುಮಾಡುವ ದಿನ ಎರಡೂ ಮನೆಯವರು ಮ್ಯಾನೇಜರನ ಕೋಣೆಯಲ್ಲಿ ಸೇರಿದರು. ವರನ ತಾಯಿ ಕುರ್ಚಿಗಳ ಬಣ್ಣದಲ್ಲಿ ತಪ್ಪು ಹುಡುಕುತ್ತಿದ್ದರು. ಪಂಡಿತೆ ಮೊಬೈಲನ್ನು ಚೀಲದಲ್ಲೇ ಬಿಟ್ಟು ವರನ ಕಡೆ ತಿರುಗಿದಳು.

"ಮದುವೆ ಆದ್ಮೇಲೆ ನಾನು ಹೋಗಿ ಓದು ಮುಗಿಸ್ಬಹುದಾ? ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ."

ಅವನು ನಕ್ಕ. ಇಲ್ಲಿ ಯಾಕೆ ಅದೆಲ್ಲ, ನಿಧಾನವಾಗಿ ಕೂತು ಮಾತಾಡೋಣ ಎಂದ. ತಾಯಿ, ಹುಡುಗಿಗೆ ಆತಂಕ ಜಾಸ್ತಿ ಎಂದು ನೀರಿನ ಬಾಟಲಿ ಮುಂದೆ ಸರಿಸಿದರು. ಪಂಡಿತೆ ಈ ಸಲ ಬಾಟಲಿಯನ್ನು ಸರಿಯಾಗಿ ಓದಿದಳು.

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು, "ಹಾಗಾದ್ರೆ ಈ ತಾರೀಖು ನಿಮಗೇ ಇಟ್ಬಿಡ್ಲಾ?" ಎಂದ.

"ಬೇಡ" ಎಂದಳು ಪಂಡಿತೆ.

ಎಲ್ಲರೂ ಕಾದರು. ಬೇಡ ಎಂದ ಮೇಲೆ ಒಂದು ನೆಪ ಬರಬೇಕು, ಒಂದು ಪೆಚ್ಚು ನಗೆ ಬರಬೇಕು, ಮುಂದಿನ ವಾರ ಎಂಬ ಮಾತಾದರೂ ಬರಬೇಕು. ವರ ಕೂಡ ತಲೆ ಅಲ್ಲಾಡಿಸುತ್ತಾ ಮುಂದಿನ ಮಾತಿಗೆ ದಾರಿ ಮಾಡಿಕೊಟ್ಟ. ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಇನ್ನೇನೂ ಬರುವುದಿಲ್ಲ ಎಂದು ಮೊದಲು ತಿಳಿದದ್ದು ಅವಳ ಅಮ್ಮನಿಗೆ. ಅವರು ಚೀಲ ಎತ್ತಿಕೊಂಡು ಎದ್ದು ನಿಂತರು.